ಮೊರಬದ ಪೆಟ್ರೋಲ್ ಪಿಕಪ್

ಊಟದ ಡಬ್ಬಿ ಹಿಡಿದು ಬಂದ ಮಲ್ಲಕ್ಕ ತಗಡಿನ ಶೆಡ್ಡಿನ ಬಾಗಿಲು ಎಳೆದಳು. ಬಾಗಿಲು ತೆರೆದದ್ದೇ ತಡ, ಗಂಡನ ಕೈ ಹೊರಗೆ ಬಿತ್ತು.

ಈರಬಸಪ್ಪ ಹೊಸ್ತಿಲ ಮೇಲೆ ಬೋರಲಾಗಿ ಬಿದ್ದಿದ್ದ. ಮೈ ಇನ್ನೂ ಬೆಚ್ಚಗಿತ್ತು, ಉಸಿರು ಇರಲಿಲ್ಲ. ಎಂಜಿನ್ ಇನ್ನೂ ಚಾಲೂ ಇತ್ತು; ಒಳಗಿಂದ ನುಗ್ಗಿದ ಹೊಗೆಯ ಬಿಸಿ ಗಾಳಿಗೆ ಮಲ್ಲಕ್ಕನ ತಲೆ ಗಿರ್ರೆಂದಿತು. ಚೀರಿದಳು. ಕಡಲೆ ರಾಶಿಯ ದಿನಗಳು. ಮೊರಬದ ಮುಕ್ಕಾಲು ಊರು ಹೊಲದಲ್ಲಿತ್ತು.

ನವಲಗುಂದದಿಂದ ಪಿಎಸ್‌ಐ ಮಹಾನಂದಾ ಬರುವಷ್ಟರಲ್ಲಿ ಊರಿನವರೇ ತೀರ್ಪು ಕೊಟ್ಟಾಗಿತ್ತು. ಒಬ್ಬ ಮನುಷ್ಯನನ್ನು ಲೈಟಿನ ಕಂಬಕ್ಕೆ ಕಟ್ಟಿ ಹಾಕಿದ್ದರು.

"ಇವನ ನೋಡ್ರಿ ಮೇಡಂ, ಸುಭಾಸ," ಅಂದ ಟ್ರ್ಯಾಕ್ಟರ್ ಮಾಲೀಕ ಗೌರೀಶ. "ಪೆಟ್ರೋಲ್ ಉಳಸ್ತದ ಅಂತ ಈರಬಸಪ್ಪಗ ಒಂದು ಅಯಸ್ಕಾಂತ ಮಾರಿದ್ದಾ. ಅದರಿಂದ ಏನೂ ಆಗಲಿಲ್ಲಂತ ಅಣ್ಣಿಗೇರಿ ಸಂತ್ಯಾಗ ಈರಬಸಪ್ಪ ಇವನ ಕಪಾಳಕ್ಕ ಹೊಡದಿದ್ದಾ. ಇವತ್ತು ಇವಾ ಇಲ್ಲಿಂದ ಗಾಡಿ ಹೊಡಕೊಂಡು ಓಡೂದು ಮಂದಿ ನೋಡ್ಯಾರ."

"ಮೊದಲ ಹಗ್ಗಾ ಬಿಚ್ಚರಿ," ಅಂದಳು ಮಹಾನಂದಾ.

\* \* \*

ಈರಬಸಪ್ಪನದು ಇಪ್ಪತ್ತೈದು ವರ್ಷದ ಪೆಟ್ರೋಲ್ ಪಿಕಪ್. ಡೀಸೆಲ್ ಗಾಡಿಗಳ ಆ ಊರಲ್ಲಿ ಅದೊಂದೇ. ಅದು ಕಡಿಮೆ ಕುಡಿಯಬೇಕು, ಹೆಚ್ಚು ಎಳೆಯಬೇಕು ಎಂಬುದೇ ಅವನ ಹುಚ್ಚು. ಟೈರಿಗೆ ಗಟ್ಟಿ ಗಾಳಿ ತುಂಬಿಸುತ್ತಿದ್ದ. ಹಿಂದಿನ ಗಾಲಿಗಳ ಗೇರನ್ನೇ ಬದಲಿಸಿದ್ದ. ವಾರಕ್ಕೊಮ್ಮೆ ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಎಂಜಿನ್ ಚಾಲೂ ಇಟ್ಟು, ಅದರ ಸದ್ದಿಗೆ ಕಿವಿಗೊಟ್ಟು ಸ್ಕ್ರೂ ತಿರುವುತ್ತ ಕೂರುತ್ತಿದ್ದ.

"ಎಂಜಿನ್ ಚಾಲೂ ಇಟ್ಟು ಬಾಗಲಾ ಯಾಕ ಹಾಕ್ಕೊತಿದ್ದಾ?" ಮಹಾನಂದಾ ಕೇಳಿದಳು.

"ಹೊಲದ ಧೂಳಿಗ್ರೀ," ಅಂದಳು ಮಲ್ಲಕ್ಕ. "ಬಿಚ್ಚಿಟ್ಟ ಸಾಮಾನಿನಾಗ ಎರಿಮಣ್ಣು ಹೋಗಬಾರದಂತ. ಆದ್ರ ಹೊಗಿಗೆ ಪೈಪ್ ಹಾಕಿದ್ರು. ಸೈಲೆನ್ಸರಿಂದ ಗೋಡೀ ತೂತಿನಾಗ ಹಾದು ಹೊರಗ ಹೋಗ್ತಿತ್ತು. ಅಗದಿ ಹುಷಾರ್ ಮನುಷ್ಯಾರಿ ಅವರು."

ಹೆಣವನ್ನು ಸಾಗಿಸಿ, ಫೋಟೋ ತೆಗೆಸಿದ ಮೇಲೆ ಮಹಾನಂದಾ ಶೆಡ್ಡಿನೊಳಗೆ ಹೋದಳು. ಪೈಪು ತೂತಿನಿಂದ ಜಾರಿ ಒಳಗೇ ಬಿದ್ದಿತ್ತು. ಎಂಜಿನ್ನಿನ ನಡುಕಕ್ಕೆ ಜಾರಿರಬಹುದು. ಯಾರಾದರೂ ಹಾಗೇ ಹೇಳುತ್ತಿದ್ದರು.

"ಭೀಮಶಿ, ಬಾಗಲಾ ಹಾಕು," ಅಂದಳು ಕಾನ್‌ಸ್ಟೇಬಲ್‌ಗೆ.

ಕತ್ತಲು ಮುಚ್ಚಿತು. ಕಿಟಕಿಯಿಲ್ಲ. ನಾಲ್ಕೂ ಕಡೆ ಕಾದ ತಗಡು. ಕ್ಷಣದಲ್ಲೇ ಬೆನ್ನ ಮೇಲೆ ಬೆವರಿಳಿಯಿತು. ಹೊರಗಿನ ಮಾತು ಯಾವುದೋ ಬೇರೆ ಊರಿನದೆಂಬಂತೆ ದೂರವಾಯಿತು. ಟಾರ್ಚ್ ಹಚ್ಚಿದಳು. ಬಾಗಿಲ ಒಳಮೈ ತುಂಬ ಹೊಸ ತಗ್ಗುಗಳು. ಎದೆಯ ಎತ್ತರದಲ್ಲಿ ಜೋರಾಗಿ ಬಡಿದವು, ಮೊಣಕಾಲಿನ ಎತ್ತರದಲ್ಲಿ ಮೆತ್ತಗೆ ಬಡಿದವು. ಇನ್ನೂ ಕೆಳಗೆ ಬರೀ ಉಗುರಿನ ಗೆರೆಗಳು. ಹೊಸ್ತಿಲ ಬಳಿ ನಟ್ಟು ಬಿಚ್ಚುವ ಒಂದು ಪಾನಾ ಬಿದ್ದಿತ್ತು. ಹೊಗೆಗೆ ಮಂಕಾದ ತಲೆಗೆ ಎಂಜಿನ್ ಆರಿಸುವುದು ಹೊಳೆದಿರಲಿಕ್ಕಿಲ್ಲ.

ಮಹಾನಂದಾ ಬಾಗಿಲಿಗೆ ಬೆರಳು ತಾಗಿಸಿದಳು. ಅದು ಸಲೀಸಾಗಿ ತೆರೆದುಕೊಂಡಿತು. ಇಂಥ ಬಾಗಿಲನ್ನು ಅವನು ಯಾಕೆ ಬಡಿದ?

ಹೊರಗೆ ಬಂದವಳೇ ಗೋಡೆಯ ಹಿಂದೆ ಹೋದಳು. ಪೈಪಿನ ತುದಿಯನ್ನು ಬಿಗಿದಿದ್ದ ತಂತಿ ಮೊಳೆಗೆ ನೇತಾಡುತ್ತಿತ್ತು. ಹರಿದಿರಲಿಲ್ಲ. ಯಾರೋ ಸುರುಳಿ ಬಿಚ್ಚಿದ್ದರು.

\* \* \*

ಸುಭಾಸನ ತುಟಿ ಒಡೆದಿತ್ತು. ನೀರು ಕೊಟ್ಟರೆ ಕುಡಿಯಲಾಗಲಿಲ್ಲ.

"ರೊಕ್ಕಾ ತಿರುಗಿ ಕೊಟ್ಟು ಜಗಳಾ ಮುಗಿಸೂಣು ಅಂತ ಬಂದಿದ್ದೆರಿ. ಶೆಡ್ಡಿನಾಗ ಎಂಜಿನ್ ಸಪ್ಪಳಿತ್ತು. ಆದ್ರ ಬಾಗಲಕ್ಕ ಹತ್ತಿ ಅವನ ಪಿಕಪ್ಪಿನ ಟ್ರೇಲರ್ ನಿಂತಿತ್ತು. ಒಳಗ ಯಾರೂ ಇರಲಿಕ್ಕಿಲ್ಲ ಅಂತ ತಿರುಗಿ ಹೋದ್ನಿ."

"ಬಡಿದ ಸಪ್ಪಳ?"

"ಇಲ್ರಿ. ಬರೀ ಎಂಜಿನ್ನು." ಅವನ ಕಣ್ಣು ತುಂಬಿತು. "ಆಗ ಒಳಗ ಇದ್ನೇನ್ರಿ ಅವಾ?"

ಮಹಾನಂದಾ ಎದ್ದು ಹೊರನಡೆದಳು. ಶೆಡ್ಡಿನ ಮುಂದೆ ಇಳಿಜಾರು. ನಾಲ್ಕು ಗಾಲಿಯ ಟ್ರೇಲರ್ ಈಗ ಮೇಲುಗಡೆ ನಿಂತಿತ್ತು. ತುಂಬ ಕಡಲೆ ಚೀಲ, ಗಾಲಿಗೆ ಕಲ್ಲು. ಆದರೆ ಗಾಲಿಯ ಗುರುತು ಬಾಗಿಲ ತನಕ ಇಳಿದಿತ್ತು. ಮತ್ತೆ ಮೇಲಕ್ಕೆ ಹತ್ತಿತ್ತು. ಪಿಕಪ್ಪು ಶೆಡ್ಡಿನೊಳಗಿತ್ತು. ಹಾಗಾದರೆ ಇಷ್ಟು ಭಾರವನ್ನು ಮೇಲಕ್ಕೆ ಎಳೆದದ್ದು ಯಾವುದು?

ಮುಂದಿನ ಕೊಂಡಿಗೆ ಗೋಣಿಚೀಲ ಸುತ್ತಿ ಸುತಳಿ ಬಿಗಿದಿತ್ತು. ಒಂದು ಅಂಚು ಸರಿಸಿ ನೋಡಿದಳು. ಹೊಸ ವೆಲ್ಡಿಂಗ್. ಮತ್ತೆ ಮುಚ್ಚಿ, ನವಲಗುಂದದ ಗ್ಯಾರೇಜಿನ ಖಾಜಾಸಾಬನಿಗೆ ಫೋನ್ ಮಾಡಿದಳು.

"ಹೌದ್ರಿ, ಇವತ್ತ ಮುಂಜಾನೆ ನಾನೇ ಹಚ್ಚೀನಿ," ಅಂದ ಖಾಜಾಸಾಬ. "ಪಿನ್ ಹಾಕೂ ಹಳೇ ಬಳಿ ಕೊಂಡಿ ಸಡ್ಲಾಗಿ ಧಕ್ಕಿ ಹೊಡೀತಿತ್ತು, ಪೆಟ್ರೋಲ್ ಭಾಳ ಕುಡೀತಿತ್ತು. ಈರಬಸಪ್ಪ ಅದನ್ನ ತೆಗಿಸಿ, ಪಿಕಪ್ಪಿಗೆ ಕಬ್ಬಿಣದ ಗುಂಡು, ಟ್ರೇಲರಿಗೆ ಅದರ ಮ್ಯಾಲೆ ಕೂಡೂ ಗುಂಡಿನ ಕೊಂಡಿ ಹಾಕಿಸ್ಕೊಂಡಾ. ಧೂಳು ಕೂಡಬಾರದಂತ ಚೀಲಾ ನಾನೇ ಸುತ್ತಿ ಕೊಟ್ಟೆ. ಮನ್ಯಾಗೂ ಹೇಳಿಲ್ಲ, ನಾಳೆ ಎಳದ ತೋರಸ್ತೀನಿ ಅಂದಾ. ಯಾಕ್ರಿ, ಏನಾತು?"

\* \* \*

"ಗೌರೀಶ," ಮಹಾನಂದಾ ಕರೆದಳು, "ಈ ಟ್ರೇಲರ್ ಸ್ಟೇಷನ್ನಿಗೆ ಒಯ್ಯಬೇಕು. ನಿಮ್ಮ ಟ್ರ್ಯಾಕ್ಟರ್ ಹಚ್ಚತೀರೇನು?"

"ಅದಕ್ಕೇನ್ರಿ, ಹಚ್ಚೂಣು."

ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು ನಿಲ್ಲಿಸಿದ. ಕೆಳಗಿಳಿದ. ಸೀಟಿನ ಕೆಳಗಿಂದ ಸರಪಳಿ ತೆಗೆದು ನೇರ ಟ್ರೇಲರಿನ ಮುಂದಿನ ಪಟ್ಟಿಗೆ ಸುತ್ತತೊಡಗಿದ. ಅಲ್ಲಿ ಹಸಿರು ಬಣ್ಣ ಆಗಲೇ ಕಿತ್ತು ಕಬ್ಬಿಣ ಹೊಳೆಯುತ್ತಿತ್ತು.

"ಸರಪಳಿ ಯಾಕ? ಬಳಿ ಕೊಂಡಿಗೆ ಪಿನ್ ಹಾಕಿದ್ರ ಆತಲ್ಲಾ?"

"ಬಳಿ ಎಲ್ಲೈತ್ರಿ? ಗುಂಡಿನ ಕೊಂಡಿ ಅದು. ಟ್ರ್ಯಾಕ್ಟರಿಗೆ ಕೂಡೂದಿಲ್ಲ."

ಜನ ಹತ್ತಿರ ಸರಿದರು. ಎಲ್ಲರ ಕಣ್ಣೂ ಗೋಣಿಚೀಲದ ಮೇಲೆ.

"ನನಗs ಗೊತ್ತಿಲ್ಲ," ಅಂದಳು ಮಲ್ಲಕ್ಕ ಮೆಲ್ಲಗೆ. "ನಿನಗ್ಹೆಂಗ ಗೊತ್ತಾತೋ, ಗೌರೀಶಾ?"

ಸರಪಳಿ ಅವನ ಕೈಯಿಂದ ಜಾರಿತು. ಸುತ್ತ ನೋಡಿದ. ಹಿಂದೆ ಶೆಡ್ಡು, ಪಕ್ಕದಲ್ಲಿ ಭೀಮಶಿ, ಎದುರಿಗೆ ಊರು. ಹೋಗಲು ದಾರಿಯಿರಲಿಲ್ಲ.

"ಗೋಡೀ ಹಿಂದ ಹೋಗಿ ತಂತಿ ಬಿಚ್ಚಿ ಪೈಪ್ ಒಳಗ ನೂಕಿದಿ," ಅಂದಳು ಮಹಾನಂದಾ. "ಆಮೇಲೆ ಗಾಲಿಯ ಕಲ್ಲು ಸರಿಸಿದಿ. ಟ್ರೇಲರ್ ಉರುಳಿ ಬಂದು ಬಾಗಲಕ್ಕ ಹತ್ತಿತು. ಸುಭಾಸ ನೋಡಿದ್ದು ಅದನ್ನ. ಎಲ್ಲಾ ಮುಗದ ಮ್ಯಾಲೆ ಎಳದು ತೆಗೀಲಿಕ್ಕೆ ಬಂದಿ. ಚೀಲಾ ಬಿಚ್ಚಿ ನೋಡಿದ್ರ ಕೊಂಡಿ ಹೊಸಾದು, ಪಿನ್ ಕೂಡಲಿಲ್ಲ. ಚೀಲಾ ಮತ್ತ ಕಟ್ಟಿ ಸರಪಳಿ ಹಾಕಿ ಎಳದಿ. ನಿನ್ನ ಸರಪಳಿಗೆ ಹಸರು ಬಣ್ಣ ಇನ್ನೂ ಐತಿ ನೋಡು."

ಗೌರೀಶ ನೆಲದ ಮೇಲೆ ಕೂತ.

"ಹೋದ ತಿಂಗಳ ಕಾಲವಿ ದಂಡ್ಯಾಗ ನನ್ನ ಟ್ರ್ಯಾಕ್ಟರ್ ಹುಗದಿತ್ರಿ. ಈರಬಸಪ್ಪ ಆ ಹಳೇ ಡಬ್ಬಾ ಪಿಕಪ್ಪಿಲೆ ಎಳದು ತೆಗದಾ. ಹುಡುಗೂರು ವಿಡಿಯೋ ಮಾಡಿ ಊರೂರಿಗೆ ಬಿಟ್ರು. ಹೋದಲ್ಲೆಲ್ಲಾ ನಗತಿದ್ರು. ಹೇರೂ ಕೆಲಸ ಎಲ್ಲಾ ಅವನ ಪಾಲಾತು." ಮುಖ ಎತ್ತದೆ ಗೊಣಗಿದ. "ಅಂಜಿಸಬೇಕಂತ ಮಾಡಿದ್ದೆರಿ, ಅಷ್ಟs."

"ಅಂಜಿಸಾಂವ ಬಾಗಲಾ ಹಾಕ್ತಾನ, ಒಪ್ಪೂಣು. ಹೊಗಿ ಪೈಪ್ ಯಾಕ ಒಳಗ ನೂಕಿದಿ?"

ಗೌರೀಶ ಸರಪಳಿಯನ್ನು ದೂರ ತಳ್ಳಿದ.

ಮಲ್ಲಕ್ಕ ಮುಂದೆ ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಅವನ ಎದುರು ಕೂತಳು.

"ಅವರು ಒಳಗಿಂದ ಕೂಗಿದ್ರೇನು?"

"ಕೂಗಿದ್ರು, ವೈನಿ."

"ಏನಂದ್ರು?"

ಗೌರೀಶ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಕಲ್ಲು ಸರಿಸಿ ಹೋಗಾಕಂತ ಟ್ರ್ಯಾಕ್ಟರ್ ಚಾಲೂ ಮಾಡಿದ್ನಿ, ಆ ಸಪ್ಪಳ ಕೇಳಿದ್ರು. 'ಗೌರೀಶಾ, ಬಂದ್ಯೇನಪಾ? ಚಲೋ ಆತು, ಬಾಗಲಾ ಸಿಕ್ಕೊಂಡೈತಿ, ಸ್ವಲ್ಪ ಎಳಿ' ಅಂದ್ರು."