ತಗಡಿನ ಬಾತುಕೋಳಿ ಇದ್ದ ಬೀರು

"ನೋಡಿಲ್ಲ ತಾನೇ?"

ಬಾಗಿಲು ತೆರೆದ ಧನ್ಯಾ ಮೊದಲು ಕೇಳಿದ್ದು ಇದನ್ನೇ. ಜುಲೈ ತಿಂಗಳ ದೆಹಲಿ ಬಿಸಿಲಲ್ಲಿ ಬೆಂದು ಬಂದವನಿಗೆ ನೀರು ಬೇಕಾ ಎನ್ನಲಿಲ್ಲ. ಬಾಗಿಲಿಗೆ ಅಡ್ಡವಾಗಿ ಕೈ ಚಾಚಿ ನಿಂತು, ತಲೆ ವಾರೆ ಮಾಡಿ, ಅವನ ಕಣ್ಣನ್ನೇ ನೋಡಿದಳು.

"ಇಲ್ಲ," ಎಂದ ಚಿದಂಬರ.

"ಪ್ರಾಮಿಸ್?"

"ಪ್ರಾಮಿಸ್."

ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಅವಳ ಕೈ ಕೆಳಗಿಳಿಯಿತು. ಮುಖ ಅರಳಿತು. ಆ ಅರಳಿದ ಮುಖವನ್ನು ನೋಡಲಾರದೆ ಅವನು ಚಪ್ಪಲಿ ಬಿಚ್ಚಲು ಬಗ್ಗಿದ.

ಜೇಬಿನಲ್ಲಿದ್ದ ಪೆನ್‌ಡ್ರೈವಿನಲ್ಲಿ ಬಾರ್ನಬಿ ಇದ್ದ. ಬಾರ್ನಬಿ ಎಂದರೆ ಕೊಡೆ ರಿಪೇರಿ ಮಾಡುವವನು, ಒಂದು ಕಂಪ್ಯೂಟರ್ ಗೇಮಿನ ನಾಯಕ. ಮುಳುಗಿದ ಊರೊಂದರಲ್ಲಿ ಮನೆಯಿಂದ ಮನೆಗೆ ದೋಣಿಯಲ್ಲಿ ಹೋಗುತ್ತಾನೆ. ಸಿಕ್ಕಸಿಕ್ಕ ಸಾಮಾನನ್ನೆಲ್ಲ ಜೇಬಿಗೆ ಹಾಕಿಕೊಂಡು ಒಗಟುಗಳನ್ನು ಬಿಡಿಸುತ್ತಾನೆ. ಅವನ ಜೊತೆ ಮಾರ್ಥಾ ಎನ್ನುವ ತಗಡಿನ ಬಾತುಕೋಳಿ. ಕೀಲಿ ಕೊಟ್ಟರೆ ಮಾತಾಡುತ್ತದೆ, ಮಾತಾಡಿದರೆ ಬೈಯುತ್ತದೆ. ಮೂರನೆಯ ಗೇಮಿನ ಕೊನೆಯಲ್ಲಿ ಮಾರ್ಥಾ ದೀಪಸ್ತಂಭದ ಮೇಲಿನಿಂದ ಸಮುದ್ರಕ್ಕೆ ಬಿದ್ದಳು. 'ಮುಂದುವರಿಯುವುದು' ಎಂದು ಪರದೆಯ ಮೇಲೆ ಬಂತು. ಮುಂದುವರಿಯಲಿಲ್ಲ. ಕಂಪನಿ ಮುಚ್ಚಿಹೋಯಿತು. ಹತ್ತು ವರ್ಷ ಅವಳು ನೀರಿನಲ್ಲೇ ಉಳಿದಳು.

ಈಗ 2009ರಲ್ಲಿ ಬೇರೆ ಯಾರೋ ಆ ಹೆಸರನ್ನು ಕೊಂಡು, ಹೊಸದಾಗಿ ಕಂತು ಕಂತಾಗಿ ಬಿಡುತ್ತಿದ್ದರು.

ಚಿದಂಬರನಿಗೆ ಧನ್ಯಾ ಸಿಕ್ಕಿದ್ದು ಕೂಡ ಬಾರ್ನಬಿಯಿಂದಲೇ. ದೆಹಲಿಯ ಮುಖರ್ಜಿ ನಗರದ ರೂಮಿನಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ಕಾಲದಲ್ಲಿ ಎರಡನೆಯ ಗೇಮಿನ ಗಡಿಯಾರದ ಕೋಣೆಯಲ್ಲಿ ಸಿಕ್ಕಿಬಿದ್ದು, ಇಂಟರ್‌ನೆಟ್ಟಿನಲ್ಲಿ ಅಭಿಮಾನಿಗಳು ಹರಟುವ ಫೋರಮ್‌ನಲ್ಲಿ ಸಹಾಯ ಕೇಳಿದ್ದ. ಯಾರೋ ಒಬ್ಬಳು ಸುಳಿವು ಕೊಡುತ್ತಾ ಹೋದಳು, ಉತ್ತರ ಮಾತ್ರ ಕೊಡಲಿಲ್ಲ. ರೋಸಿಹೋಗಿ ಇಂಗ್ಲಿಷ್ ಅಕ್ಷರದಲ್ಲಿ 'ಅಯ್ಯೋ ದೇವರೇ' ಎಂದು ಬರೆದ. ತಕ್ಷಣ ಉತ್ತರ ಬಂತು: 'ಅರೇ, ಕನ್ನಡದವರಾ?' ಅವಳು ಇದ್ದದ್ದು ಲೋಧಿ ಕಾಲೋನಿಯಲ್ಲಿ. ಬಸ್ಸಿನಲ್ಲಿ ಹೋದರೆ ಸಿಗುವಷ್ಟು ಹತ್ತಿರ.

ಹೋದ ಭಾನುವಾರ ಲೋಧಿ ಗಾರ್ಡನ್‌ನಲ್ಲಿ ಅವನು ಕೇಳಿಯೇಬಿಟ್ಟಿದ್ದ. "ನನ್ನ ಮದುವೆ ಆಗ್ತೀಯಾ?" ಧನ್ಯಾ ಹುಲ್ಲು ಕೀಳುತ್ತಾ ಕೂತವಳು ತಲೆ ಎತ್ತದೆ ಹೇಳಿದ್ದಳು: "ಮೊದಲು ಬಾರ್ನಬಿ ಬರಲಿ. ಒಟ್ಟಿಗೆ ಆಡೋಣ. ಅವತ್ತು ಹೇಳ್ತೀನಿ."

ಅವತ್ತು ಎಂದರೆ ಇವತ್ತು.

"ಒಳಗೆ ಬಿಡಮ್ಮಾ ಅವನ್ನ, ಮುಖ ನೋಡು, ಟೊಮೇಟೊ ಆಗಿದೆ," ಎಂದು ಸುಶೀಲಮ್ಮ ಅಡುಗೆಮನೆಯಿಂದ ಕೂಗಿದರು. ಮಯೂರ್ ವಿಹಾರದ ಈ ಫ್ಲಾಟು ಅವರದು. ಅವರ ಮಗ ಧನುಷ್ ಧನ್ಯಾಳ ಸ್ನೇಹಿತ, ಬಾರ್ನಬಿಯ ಮೂರನೆಯ ಭಕ್ತ. ದೊಡ್ಡ ಪರದೆಯ ಕಂಪ್ಯೂಟರ್ ಅವನ ಹತ್ತಿರ ಇತ್ತು. ಒಳ್ಳೆ ಇಂಟರ್‌ನೆಟ್ ಚಿದಂಬರನ ಆಫೀಸಿನ ಗೆಳೆಯನ ಮನೆಯಲ್ಲಿ ಇತ್ತು. ಹಾಗಾಗಿ ಇಳಿಸಿಕೊಂಡು ತರುವ ಕೆಲಸ ಚಿದಂಬರನಿಗೆ ಬಿದ್ದಿತ್ತು.

ಶುಕ್ರವಾರ ಇಳಿಸಿಕೊಂಡ. ಫೈಲ್ ಸರಿಯಾಗಿ ತೆರೆಯುತ್ತದಾ ನೋಡೋಣ ಎಂದು ಕೂತವನು ಏಳಲಿಲ್ಲ. ಫೋರಮ್‌ನಲ್ಲಿ ಯಾರೋ 'ಮಾರ್ಥಾಳನ್ನು ಹಾಳು ಮಾಡಿದ್ದಾರೆ, ನನ್ನ ಎದೆ ಒಡೆಯಿತು' ಎಂದು ಬರೆದಿದ್ದರು. ಧನ್ಯಾ ಅತ್ತರೆ? ಉತ್ತರ ಹೇಳಬೇಕಾದ ದಿನವೇ ಅವಳ ಮನಸ್ಸು ಮುರಿದರೆ? ಸ್ವಲ್ಪ ನೋಡಿಬಿಡೋಣ ಎಂದುಕೊಂಡ. ನೋಡಿದ. ನೋಡಬಾರದ್ದನ್ನು ನೋಡಿ, ಅಲ್ಲೇ ಗೇಮನ್ನು ಮುಚ್ಚಿಬಿಟ್ಟ.

"ಚಿದು ಭಯ್ಯಾ, ಕೇಳಿ, ಕೇಳಿ!" ಧನುಷ್ ಪರದೆಯಿಂದ ಓದುತ್ತಿದ್ದ. "ಬ್ರೆಜಿಲ್‌ನವನು ಆಫೀಸಿಗೆ ರಜಾ ಹಾಕಿದ್ದಾನಂತೆ. ಪೋಲೆಂಡ್‌ನ ಒಬ್ಬಳು ಮ್ಯೂಸಿಕ್ ಶುರು ಆದ ತಕ್ಷಣ ಅತ್ತಳಂತೆ. ಇನ್ನೊಬ್ಬ ಹೇಳ್ತಾನೆ, ಇವರು ನನ್ನ ಬಚ್‌ಪನ್, ಬಾಲ್ಯಾನೇ ಮಾರಿಬಿಟ್ಟರು ಅಂತ."

"ಸ್ಪಾಯ್ಲರ್, ಮುಂದಿನ ಕಥೆ ಇದೆ ಅಂತ ಬರೆದಿರೋದನ್ನ ಓದಿದ್ರೆ ಕೊಂದ್ಹಾಕ್ತೀನಿ ಯಾರ್," ಎಂದಳು ಧನ್ಯಾ.

"ಓದಲ್ಲ, ಓದಲ್ಲ. ಚಲೋ, ಹಾಕಿ."

ಪರದೆ ಕಪ್ಪಾಯಿತು. ಹಳೆಯ ಸಂಗೀತ, ಹೊಸ ಪಿಟೀಲಿನಲ್ಲಿ. ಧನ್ಯಾ ಉಸಿರು ಒಳಗೆಳೆದುಕೊಂಡದ್ದು ಚಿದಂಬರನಿಗೆ ಕೇಳಿಸಿತು. ಅವಳ ಕೈ ಅವನ ಅಂಗಿಯ ತೋಳನ್ನು ಹಿಡಿದುಕೊಂಡಿತು. ಹಿಡಿದದ್ದು ಅವಳಿಗೇ ಗೊತ್ತಿರಲಿಲ್ಲ.

ದೋಣಿಯ ಮೇಲೆ ಬಾರ್ನಬಿ ಕಾಣಿಸಿದ.

"ಛೀ! ಇವನ ಮುಖ ಯಾಕೆ ಇಡ್ಲಿ ಥರ ಆಗಿದೆ?" ಎಂದ ಧನುಷ್.

"ಪಾಪ, ವಯಸ್ಸಾಗಿದೆ ಬಿಡೋ," ಎಂದರು ಸುಶೀಲಮ್ಮ, ಅವಲಕ್ಕಿ ತಟ್ಟೆಗಳನ್ನು ಇಡುತ್ತಾ. "ನೀನೇನು ಹತ್ತು ವರ್ಷದ ಹಿಂದೆ ಇದ್ದ ಹಾಗೇ ಇದ್ದೀಯಾ?"

ಧನ್ಯಾ ನಕ್ಕಳು. ಚಿದಂಬರನೂ ನಕ್ಕ. ಆಮೇಲೆ ಪ್ರತಿ ಜೋಕಿಗೂ ಬೇರೆಯವರು ನಗುವ ತನಕ ಕಾದು ನಕ್ಕ. ಗೇಮಿನಲ್ಲಿ ಬಾರ್ನಬಿ ಬಾಗಿಲು ತೆರೆಯುವಾಗ ಮೀನು ಮುಖಕ್ಕೆ ಹಾರುತ್ತದೆಂದು ಗೊತ್ತಿದ್ದೂ ಬೆಚ್ಚಿಬಿದ್ದ. ಸ್ವಲ್ಪ ಜಾಸ್ತಿಯೇ ಬೆಚ್ಚಿಬಿದ್ದನೇನೋ, ಧನ್ಯಾ ಓರೆಗಣ್ಣಲ್ಲಿ ಅವನನ್ನು ನೋಡಿದಳು. ಆ ನೋಟ ಅವನ ಕೆನ್ನೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಬೇರೆ ದಿನವಾಗಿದ್ದರೆ ಅದಕ್ಕಾಗಿ ಅವನು ಯಮುನೆಯನ್ನು ಈಜಿ ದಾಟುತ್ತಿದ್ದ. ಇವತ್ತು ಬೆವರು ಬಂತು.

ಬಾರ್ನಬಿ ಹಳೆ ಸಾಮಾನಿನ ಅಂಗಡಿಯೊಂದರ ಒಳಗೆ ಬಂದ. ಒಲೆಯ ಮೇಲೆ ಟೀ ಕೆಟಲ್. ಮೂಲೆಯಲ್ಲಿ ಏಣಿ. ಹಿಂದುಗಡೆ ಬೀಗ ಹಾಕಿದ ಒಂದು ಬೀರು.

ಬೀಗದ ಕೀಲಿ ಕೆಟಲ್ಲಿನಲ್ಲಿದೆ ಎಂದು ಚಿದಂಬರನಿಗೆ ಗೊತ್ತಿತ್ತು. ಬೀರುವಿನಲ್ಲಿ ಮಾರ್ಥಾ ಇದ್ದಳು. ಆದರೆ ಬೀರು ತೆರೆಯದೆಯೂ ಏಣಿ ಹತ್ತಿ ಮುಂದೆ ಹೋಗಬಹುದು, ಕಂತು ಮುಗಿಸಬಹುದು. ಅದನ್ನು ಅವನು ಫೋರಮ್‌ನಲ್ಲಿ ಓದಿಕೊಂಡೇ ಬಂದಿದ್ದ.

"ಈಗ ನನ್ನ ಸರದಿ," ಎಂದು ಮೌಸ್ ತೆಗೆದುಕೊಂಡ. ಬಾಣದ ಗುರುತನ್ನು ನೇರವಾಗಿ ಏಣಿಗೆ ಒಯ್ದ.

"ಅರೇ, ನಿಲ್ಲು," ಎಂದಳು ಧನ್ಯಾ. "ಕೆಟಲ್ ನೋಡು."

"ಮೇಲೆ ಹೋಗೋಣ. ಮೇಲೇನೋ ಸದ್ದಾಯ್ತು."

"ಎಲ್ಲಾ ಮುಟ್ಟಿ ನೋಡೋದೇ ಮಜಾ ಅಲ್ವಾ? ಕೆಟಲ್ ಮುಟ್ಟು."

"ಅದರಲ್ಲಿ ಏನೂ ಇಲ್ಲ ಧನ್ಯಾ."

ಧನ್ಯಾ ಪರದೆ ಬಿಟ್ಟು ಅವನ ಕಡೆ ತಿರುಗಿದಳು.

"ನಿನಗೆ ಹೇಗೆ ಗೊತ್ತು?"

ಅವನು ಬಾಣದ ಗುರುತನ್ನು ಏಣಿಯಿಂದ ಈಚೆಗೆ ತಂದ. ಅಂಗಿಯ ತೋಳಿನ ಮೇಲಿದ್ದ ಅವಳ ಕೈ ಮೆಲ್ಲಗೆ ಹಿಂದಕ್ಕೆ ಹೋಯಿತು.

"ಆಡಿಬಿಟ್ಟಿದ್ದೀಯಾ."

"ಪೂರ್ತಿ ಆಡಿಲ್ಲ. ಸ್ವಲ್ಪ... ನೀನು ಅಳ್ತೀಯೇನೋ ಅಂತ ಭಯ ಆಯ್ತು. ಬೀರು ತೆಗೀಬೇಡ. ಪ್ಲೀಸ್. ಅದಿಲ್ಲದೇನೂ ಮುಗಿಸಬಹುದು, ಇವತ್ತೊಂದು ದಿನ—"

"ಅಚ್ಛಾ." ಅವಳ ದನಿ ಎತ್ತರವಾಗಲಿಲ್ಲ, ಇನ್ನೂ ಇಳಿಯಿತು. "ಅಂದ್ರೆ ನಾನು ಏನು ನೋಡಬೇಕು, ಏನು ನೋಡಬಾರದು ಅಂತ ನೀನು ಡಿಸೈಡ್ ಮಾಡ್ಕೊಂಡು ಬಂದಿದ್ದೀಯಾ."

"ಹಾಗಲ್ಲ..."

"ಹಾಗೇನೇ! ನಮ್ಮನೇಲಿ ಎಲ್ಲಾನೂ ಅಪ್ಪ ಮೊದಲು ನೋಡ್ತಾರೆ ಚಿದು. ನಾನು ಓದೋ ನಾವೆಲ್‌ನ ಕೊನೇ ಪುಟ ಓದಿಟ್ಟಿರ್ತಾರೆ. ಕಾಲೇಜಿಗೆ ನಾನು ಹೋಗೋ ಮೊದಲು ಅವರು ಹೋಗಿ ಬಂದಿದ್ರು. ಕಂಪ್ಯೂಟರ್ ಒಂದೇ ಅವರು ಮುಟ್ತಿರ್ಲಿಲ್ಲ, ಶಾಕ್ ಹೊಡೆಯುತ್ತೆ ಅಂತ. ನನ್ನ ಲೈಫಲ್ಲಿ ಯಾರೂ ರುಚಿ ನೋಡದೆ ನನಗೆ ಸಿಕ್ಕಿದ್ದು ಈ ಬಾರ್ನಬಿ ಒಬ್ಬನೇ. ಅವನನ್ನೂ ನೀನು..."

ಧನುಷ್ ಎದ್ದು ಹೋಗಲೋ ಕೂತಿರಲೋ ತಿಳಿಯದೆ ಅವಲಕ್ಕಿಯಲ್ಲಿ ಕಡಲೆಬೀಜ ಹುಡುಕುತ್ತಿದ್ದ. ಸುಶೀಲಮ್ಮ ಮಾತ್ರ ಕುರ್ಚಿ ಮುಂದೆ ಎಳೆದುಕೊಂಡರು. "ಮೌಸ್ ಅವಳ ಕೈಗೆ ಕೊಡೋ ಚಿದಂಬರ," ಎಂದರು. "ಅಳೋದಾದ್ರೆ ಅಳಲಿ. ಅದಕ್ಕೇನು ಈಗ?"

ಅವನು ಕೊಟ್ಟ.

ಧನ್ಯಾ ಕೆಟಲ್ ಮುಟ್ಟಿದಳು. ಕೀಲಿ ಸಿಕ್ಕಿತು. ಬೀರು ಕಿರುಗುಟ್ಟಿತು. ಧೂಳಿನ ನಡುವೆ, ಒಂದು ರೆಕ್ಕೆ ತುಕ್ಕು ಹಿಡಿದು, ಮಾರ್ಥಾ ಕೂತಿದ್ದಳು. ಬಾರ್ನಬಿ ಅವಳ ಬೆನ್ನಿನ ಕೀಲಿ ತಿರುಗಿಸಿದ. ತಗಡಿನ ಕಣ್ಣು ತೆರೆಯಿತು.

ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಧನುಷ್ ಅಮ್ಮನಿಗಾಗಿ ತನ್ನ ದೆಹಲಿ ಕನ್ನಡದಲ್ಲಿ ಪಿಸುಗುಟ್ಟಿದ: "ಏನು ಬೇಕು ಸಾರ್, ಅಂತಿದ್ದಾಳೆ. ಬಾರ್ನಬಿ ಹೇಳ್ತಾನೆ, ಮಾರ್ಥಾ, ನಾನು. ಅವಳು... ಅವಳು ಸಾರಿ ಸಾರ್, ನೀವು ನನಗೆ ಗೊತ್ತಿಲ್ಲ, ಅಂತಾಳೆ."

ಚಿದಂಬರ ಶುಕ್ರವಾರ ಎದ್ದುಬಿಟ್ಟದ್ದು ಇಲ್ಲಿಯೇ. ಈಗ ಪರದೆಯನ್ನು ನೋಡದೆ ಧನ್ಯಾಳನ್ನು ನೋಡಿದ. ಅವಳ ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳಲಿಲ್ಲ. ಮೌಸನ್ನೂ ಬಿಡಲಿಲ್ಲ. ಏನು ಮಾಡುವುದು ಎಂದು ಗೇಮ್ ಕೇಳುತ್ತಿತ್ತು. ಅವಳು ಯೋಚಿಸಿ, ಬಾರ್ನಬಿಯ ಕೊಡೆಯ ಮೇಲೆ ಒತ್ತಿದಳು.

ಬಾರ್ನಬಿ ಅಂಗಡಿಯೊಳಗೇ ಕೊಡೆ ಬಿಡಿಸಿದ. ಅದು ಎಂದಿನ ಹಾಗೆ ಒಳಹೊರಗಾಗಿ ಅವನ ತಲೆಯ ಮೇಲೇ ಕೂತಿತು.

ಮಾರ್ಥಾ ತುಂಬಾ ಹೊತ್ತು ನೋಡಿದಳು. ಆಮೇಲೆ ಮಾತಾಡಿದಳು. ಧನುಷ್ ಅನುವಾದ ಮಾಡುವುದನ್ನು ಮರೆತು ಕುಣಿದಾಡಿದ.

"ಏನಂದ್ಲೋ? ಹೇಳೋ!" ಎಂದು ಸುಶೀಲಮ್ಮ ಅವನ ಬೆನ್ನಿಗೆ ಗುದ್ದಿದರು.

"ಗೊತ್ತಿಲ್ಲದವರನ್ನ ಬೈಬಾರದು ಸಾರ್, ಅಂತಾಳೆ. ಆದ್ರೂ ಇಂಥ ದಡ್ಡನ್ನ ನಾನು ಲೈಫಲ್ಲಿ ಇನ್ನೊಬ್ಬನ್ನೇ ನೋಡಿರೋದು, ಅಂತೆ! ಬಾರ್ನಬಿ ಕೇಳ್ತಾನೆ, ಯಾರದು? ಅವಳು ಹೇಳ್ತಾಳೆ, ನೆನಪಿಲ್ಲ. ಎಲ್ಲಿದ್ದರೂ ಇಷ್ಟು ಹೊತ್ತಿಗೆ ನೆನೆದು ತೊಪ್ಪೆ ಆಗಿರ್ತಾನೆ, ಪಾಪ!"

ಧನ್ಯಾ ಅಳುತ್ತಲೇ ನಕ್ಕಳು. ಮೂಗು ಸೋರುವಂಥ, ಚೆಂದವಲ್ಲದ, ಎಂಥ ಚೆಂದದ ನಗು! ಅವಳು ತಿರುಗಿದಾಗ ಚಿದಂಬರನ ಬಾಯಿ ತೆರೆದೇ ಇತ್ತು. ಅವನ ಕಣ್ಣಲ್ಲೂ ನೀರು.

"ಇದನ್ನ ನೀನು ನೋಡಿರ್ಲಿಲ್ಲ," ಎಂದಳು.

"ಇಲ್ಲ. ಅವಳು ಗೊತ್ತಿಲ್ಲ ಅಂದಾಗ ಮುಚ್ಚಿಬಿಟ್ಟಿದ್ದೆ."

"ಈ ಜೋಕ್ ನನಗೆ ಸಿಗ್ತಾನೇ ಇರ್ಲಿಲ್ಲ ಚಿದು. ನಿನ್ನಿಂದ."

ಕಂತು ಮುಗಿಯುವ ತನಕ ಅವಳು ಅವನ ಕಡೆ ನೋಡಲಿಲ್ಲ.

ಸಂಜೆ ಇಬ್ಬರೂ ಹೊರಟರು. ಇನ್ನೂ ಮುಗಿಯದ ಮೆಟ್ರೊ ಸೇತುವೆಯ ಕೆಳಗೆ ಧೂಳು ಹೊಂಬಣ್ಣವಾಗಿತ್ತು. ಅವಳು ಮುಂದೆ, ಅವನು ಎರಡು ಹೆಜ್ಜೆ ಹಿಂದೆ. ಆಟೊ ಒಂದನ್ನು ನಿಲ್ಲಿಸಿ, ಹತ್ತುವ ಮೊದಲು ತಿರುಗಿದಳು.

"ಇನ್ನೇನಾದ್ರೂ ಇದೆಯಾ? ನನಗಿಂತ ಮೊದಲು ನೀನು ನೋಡಿ ಮುಚ್ಚಿಟ್ಟಿರೋದು?"

ಇಲ್ಲ ಎಂದುಬಿಡಬಹುದಿತ್ತು. ಇದು ಯಾವ ಫೋರಮ್‌ನಲ್ಲೂ ಬರುವಂಥದಲ್ಲ. ಅವಳಿಗೆ ಇವತ್ತಂತೂ ಗೊತ್ತಾಗುತ್ತಿರಲಿಲ್ಲ.

"ಇದೆ. ನಿನ್ನನ್ನ ಕೇಳೋ ಮೊದಲು ನಿಮ್ಮಪ್ಪನ್ನ ಕೇಳಿದ್ದೆ. ಅವರ ಆಫೀಸಿಗೆ ಹೋಗಿ."

"ಕ್ಯಾ?"

"ಅವರು ಬೇಡ ಅಂದ್ರೆ ನಿನ್ನನ್ನ ಕೇಳೋದೇ ಬೇಡ ಅಂದ್ಕೊಂಡಿದ್ದೆ. ನನ್ನಿಂದ ನಿಮ್ಮನೇಲಿ ಜಗಳ ಆಗಬಾರದು ಅಂತ."

"ಅಂದ್ರೆ ನೀನು ಕೇಳ್ತಾನೂ ಇರ್ಲಿಲ್ಲ, ನನಗೆ ಗೊತ್ತಾಗ್ತಾನೂ ಇರ್ಲಿಲ್ಲ." ಅವಳ ಕಣ್ಣು ಕೆಂಪಾಯಿತು. "ಅಪ್ಪ ಏನಂದ್ರು?"

"ಬೇಡ ಅನ್ನಲಿಲ್ಲ. ಟೀ ಕುಡಿಸಿ ಕಳಿಸಿದ್ರು. ಯೋಚನೆ ಮಾಡ್ತೀನಿ ಅಂದ್ರು."

"ಮೇಡಮ್, ಜಾನಾ ಹೈ ಕಿ ನಹೀ?" ಎಂದ ಆಟೊದವನು, ಹೊರಡುವ ಅವಸರದಲ್ಲಿ.

"ಏಕ್ ಮಿನಿಟ್ ಭಯ್ಯಾ." ಅವಳು ಚಿದಂಬರನ ಎದುರಿಗೇ ಬಂದು ನಿಂತಳು. "ಯಾಕೆ ಹೇಳಿದೆ ಇದನ್ನ? ಸುಮ್ಮನಿದ್ದಿದ್ರೆ ನಡೀತಿತ್ತಲ್ಲ."

"ನಡೀತಿತ್ತು. ಆದ್ರೆ ನೀನು ಉತ್ತರ ಹೇಳೋ ಮೊದಲು ಎಲ್ಲಾ ನಿನ್ನ ಮುಂದೆ ಇರ್ಬೇಕು ಅನ್ನಿಸ್ತು. ಬೀರು ಸಮೇತ."

"ನಾನೇನು ಹೇಳ್ತೀನಿ ಅಂತ ನಿನಗೆ ಗೊತ್ತಾ?"

"ಗೊತ್ತಿಲ್ಲ."

"ಗೆಸ್ ಮಾಡು."

"ಆಗ್ತಿಲ್ಲ ಧನ್ಯಾ. ನಿಜವಾಗ್ಲೂ ಗೊತ್ತಿಲ್ಲ."

ಅವಳು ನೋಡಿದಳು. ತಲೆ ವಾರೆ ಮಾಡಲಿಲ್ಲ, ಓರೆಗಣ್ಣೂ ಅಲ್ಲ. ನೇರವಾಗಿ, ಅವಸರವಿಲ್ಲದೆ ನೋಡಿದಳು. ಬೆವರಿಗೆ ಅಂಟಿದ ಅವನ ಕೂದಲು, ಬಿಗಿಹಿಡಿದ ತುಟಿ, ಮಿಟುಕಿಸಲು ಮರೆತ ಕಣ್ಣು. ಮುಂದೇನಾಗುತ್ತದೆಂದು ಗೊತ್ತಿಲ್ಲದ, ಗೊತ್ತಿಲ್ಲವೆಂಬುದನ್ನು ಬಚ್ಚಿಡಲೂ ಆಗದ ಮುಖ. ಆಟೊದವನು ಹಾರ್ನ್ ಹೊಡೆದ. ಅವಳು ಆ ಮುಖವನ್ನು ಇನ್ನಷ್ಟು ನೋಡಿದಳು.

"ಹೂಂ," ಎಂದಳು.

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ ಕಣೋ, ಆಗ್ತೀನಿ. ಕೋಪ ಇನ್ನೂ ಇದೆ. ಅದು ಬೇರೆ."

ಅವನಿಗೆ ನಗು ಬಂತು, ಅಳೂ ಬಂತು. ಅವಳು ಆಟೊ ಹತ್ತಿ, ದುಪಟ್ಟಾ ಒಳಗೆಳೆದುಕೊಂಡು, ಸೀಟಿನ ಆ ತುದಿಗೆ ಸರಿದು ಜಾಗ ಮಾಡಿದಳು.

"ಹತ್ತು. ಅಪ್ಪ ಮನೇಲಿದ್ದಾರೆ."

"ಈಗಲೇ? ಅವರು ಏನಂತಾರೋ ಏನೋ..."

"ನನಗೂ ಗೊತ್ತಿಲ್ಲ," ಎಂದಳು ಧನ್ಯಾ, ಕಣ್ಣು ಹೊಳೆಸುತ್ತಾ. "ಭಯ್ಯಾ, ಲೋಧಿ ಕಾಲೋನಿ."