ನಿನ್ನೆಯ ಸೂಪ್

ಡ್ರೈವರ್ ಮಾಮ ಒಂದು ಚಮಚ ಸೂಪ್ ಕುಡಿದು ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

“ಯಾಕಣ್ಣ?” ಒಲೆಯ ಹತ್ತಿರದಿಂದ ಅಮ್ಮ ಕೇಳಿದಳು. ನೆಗಡಿಯಿಂದ ಅವಳ ಮೂಗು ಕಟ್ಟಿತ್ತು.

“ಉಪ್ಪು ಜಾಸ್ತಿಯಾಗಿದೆಯಮ್ಮ.”

ಅಮ್ಮನ ಪುಟ್ಟ ಹೋಟೆಲಿನ ಮೂಲೆಯಲ್ಲಿ ಹೋಂವರ್ಕ್ ಮಾಡುತ್ತಿದ್ದ ಗುಬ್ಬಿಗೆ ಸಿಟ್ಟು ಬಂತು. “ಅಮ್ಮಂಗೆ ಹುಷಾರಿಲ್ಲ ಮಾಮ. ಒಂದಿನ ಅಡ್ಜಸ್ಟ್ ಮಾಡ್ಕೊಳ್ಳೋಕಾಗಲ್ವಾ?”

“ಗುಬ್ಬಿ, ಸುಮ್ನಿರು,” ಎಂದಳು ಅಮ್ಮ.

ಮಾಮ ಬೇಸರಪಡಲಿಲ್ಲ. “ನೋಡು ಪುಟ್ಟಿ, ಬಸ್ ಹತ್ತಿದ್ಮೇಲೆ ಯಾವ ರಸ್ತೆ ಬಂದ್ ಆಗಿರತ್ತೋ, ಯಾರು ಬೈತಾರೋ, ನಂಗೆ ಗೊತ್ತಿರಲ್ಲ. ಈ ಬಟ್ಟಲಲ್ಲಿ ಏನಿರತ್ತೆ ಅನ್ನೋದು ಮಾತ್ರ ಗೊತ್ತು. ಅದಕ್ಕೇ ಇಲ್ಲಿಗೆ ಬರೋದು. ತುಂಬಾ ರುಚಿಯಾಗೇನೂ ಬೇಡ, ನಿನ್ನೆ ಇದ್ದಂಗೇ ಕೊಟ್ರೆ ಸಾಕು.”

“ಸ್ವಲ್ಪ ಕೂತಿರಿ ಅಣ್ಣ. ಟೊಮೆಟೊ, ನೀರು ಹಾಕಿ ಕುದಿಸಿ ಕೊಡ್ತೀನಿ,” ಎಂದಳು ಅಮ್ಮ. ಆಮೇಲೆ ತನಗೆ ತಾನೇ ಹೇಳಿಕೊಂಡಳು, “ಇವತ್ತು ನಾಲಿಗೆಗೆ ಏನೂ ತಿಳೀತಿಲ್ಲ. ಹೋಟೆಲ್ ಬಾಗಿಲು ಹಾಕ್ಬೇಕಿತ್ತೇನೋ.”

ಗುಬ್ಬಿಯ ಕೆನ್ನೆಯೊಳಗಿದ್ದ ಪೆಪ್ಪರ್‌ಮಿಂಟ್ ಅಲ್ಲೇ ನಿಂತಿತು.

ಅಮ್ಮ ಈ ಸೂಪ್ ಮಾಡುತ್ತಿದ್ದಾಗಲೂ ಅವಳ ಬಾಯಲ್ಲಿ ಪೆಪ್ಪರ್‌ಮಿಂಟ್ ಇತ್ತು. “ರುಚಿ ನೋಡಿ ಹೇಳೇ,” ಎಂದು ಅಮ್ಮ ಚಮಚ ಹಿಡಿದಾಗ, ನಾಲಿಗೆಗೆ ಬರೀ ತಣ್ಣನೆಯ ಸಿಹಿ ಸಿಕ್ಕಿತ್ತು. ಪುಸ್ತಕದಿಂದ ಕಣ್ಣೆತ್ತದೆ “ಸೂಪರ್ ಅಮ್ಮ” ಎಂದುಬಿಟ್ಟಿದ್ದಳು.

ಗುಬ್ಬಿ ಎದ್ದು ಹೋಗಿ ಪೆಪ್ಪರ್‌ಮಿಂಟ್ ಉಗುಳಿದಳು. ಬಾಯಿ ಮುಕ್ಕಳಿಸಿದಳು. ಮತ್ತೆ ಮುಕ್ಕಳಿಸಿದಳು.

“ಅಮ್ಮ, ಆಗ ನಾನು ಸರಿಯಾಗಿ ನೋಡೇ ಇರಲಿಲ್ಲ. ಈಗ ಕೊಡು.”

ಅಮ್ಮ ಅವಳ ಮುಖ ನೋಡಿದಳು. ಟೊಮೆಟೊ, ನೀರು ಹಾಕಿ ಕುದಿಸಿದ ಬಿಸಿ ಸೂಪನ್ನು ಊದಿ ಊದಿ ಕೊಟ್ಟಳು.

ಗುಬ್ಬಿ ಕಣ್ಣು ಮುಚ್ಚಿ ನುಂಗಿದಳು. ‘ಸೂಪರ್’ ಎನ್ನುವ ಮಾತು ಬಾಯಿಯವರೆಗೆ ಬಂತು. ಅದನ್ನೂ ನುಂಗಿಕೊಂಡಳು.

“ಉಪ್ಪು ಸರಿಯಾಯ್ತು. ಆದ್ರೆ ಖಾರ ಇಲ್ಲ.”

ಅಮ್ಮ ಒಂದು ಚಿಟಿಕೆ ಮೆಣಸಿನ ಪುಡಿ ಹಾಕಿದಳು. “ಈಗ?”

“ಊಹೂಂ. ಇನ್ನೂ ನಿನ್ನೆದಾಗಿಲ್ಲ.”

“ಅಬ್ಬಬ್ಬಾ, ಡ್ರೈವರ್ ಮಾಮ ನಿನ್ನ ನಾಲಿಗೆ ಮೇಲೇ ಬಂದು ಕೂತಂಗಿದೆ ಕಣೇ,” ಎಂದು ಅಮ್ಮ ಕಟ್ಟಿದ ಮೂಗಲ್ಲೇ ನಕ್ಕಳು. ಬೆಳಗ್ಗೆಯಿಂದ ಅವಳು ನಕ್ಕಿದ್ದು ಇದೇ ಮೊದಲು.

ಇನ್ನೊಂದು ಚಿಟಿಕೆ ಹಾಕಿದ ಮೇಲೆ ಗುಬ್ಬಿ ಸರಿಯಾಯಿತೆಂದು ತಲೆಯಾಡಿಸಿದಳು. ಬಟ್ಟಲನ್ನು ತಾನೇ ಎರಡೂ ಕೈಯಲ್ಲಿ ಹಿಡಿದು ತಂದಿಟ್ಟು, ಅಲ್ಲೇ ನಿಂತಳು.

ಮಾಮ ಒಂದು ಚಮಚ ಕುಡಿದರು. ಇನ್ನೊಂದು ಚಮಚ ತುಂಬಿಕೊಂಡು, ಕಿಟಕಿಯಾಚೆ ನಿಂತಿದ್ದ ಬಸ್ಸನ್ನು ನೋಡುತ್ತಾ ನಿಧಾನವಾಗಿ ಕುಡಿಯತೊಡಗಿದರು.

ಗುಬ್ಬಿ ತನ್ನ ಮೂಲೆಗೆ ಹೋದಳು. ಪೆಪ್ಪರ್‌ಮಿಂಟ್ ಪೊಟ್ಟಣವನ್ನು ಬ್ಯಾಗಿನ ತಳಕ್ಕೆ ತುರುಕಿ, ಅದರ ಮೇಲೆ ಪುಸ್ತಕಗಳನ್ನೆಲ್ಲ ಇಟ್ಟಳು. ಒಲೆಯ ಮೇಲೆ ರುಚಿ ನೋಡಬೇಕಾದ ಇನ್ನೂ ಒಂದು ಪಾತ್ರೆ ಕುದಿಯುತ್ತಿತ್ತು.