ಕುಲುಮೆ ಹೊಲದ ಚಿನ್ನ

ಹನ್ನೆರಡು ವರ್ಷ ಯಾರಿಗೂ ಬೇಡವಾಗಿದ್ದ ಹೊಲವನ್ನು ಬೆರಿಲ್ ಗಾಟ್ಸ್‌ಳಿಂದ ಕಿತ್ತುಕೊಳ್ಳಲು ರೂಪರ್ಟ್ ಲಾರ್ಟರ್‌ಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಇಂಗ್ಲೆಂಡಿನ ನಾರ್ಫಕ್‌ನ ಆ ಇಳಿಜಾರಿನಲ್ಲಿ ಅವನ ಮುತ್ತಜ್ಜನ ಕಾಲದವರೆಗೂ ಕುಲುಮೆ ಇತ್ತು. ಮೋಟಾರು ಬಂದು ಕುದುರೆ ಹೋದ ಮೇಲೆ ಕುಲುಮೆಯೂ ಕುಸಿಯಿತು. ಅದರ ಹೊಟ್ಟೆಯಲ್ಲಿದ್ದ ಕಬ್ಬಿಣವೆಲ್ಲ ನೆಲಕ್ಕಿಳಿಯಿತು. ಮೊಳೆ, ಲಾಳ, ಸರಪಳಿಯ ಕೊಂಡಿ, ನೇಗಿಲ ಮೊನೆ. ಲೋಹ ಹುಡುಕುವ ಹವ್ಯಾಸಿಗಳು ಯಂತ್ರ ಹೊತ್ತು ಬರುತ್ತಿದ್ದರು, ಅರ್ಧ ದಿನ ಅದರ ಗೊರಗೊರ ಕೇಳಿ ತಲೆನೋವು ಹಚ್ಚಿಕೊಂಡು ಹೋಗುತ್ತಿದ್ದರು. ಬೆರಿಲ್ ಮಾತ್ರ ಹೋಗಲಿಲ್ಲ. ಅವಳು ತನ್ನ ಯಂತ್ರವನ್ನು ಕಬ್ಬಿಣಕ್ಕೆ ಕಿವುಡು ಮಾಡಿದಳು. ಕಬ್ಬಿಣ ಸಿಕ್ಕರೆ ಮೌನ, ಬೇರೆ ಲೋಹವಾದರೆ ಮಾತ್ರ ದನಿ. ಆಮೇಲೆ ತನ್ನ ಕಿವಿಗೂ ಅದನ್ನೇ ಕಲಿಸಿದಳು.

ಆ ಸೆಪ್ಟೆಂಬರಿನಲ್ಲಿ ಎರಡು ಮೌನಗಳ ನಡುವೆ ಒಂದು ತೆಳುವಾದ, ದುಂಡನೆಯ ದನಿ ಕೇಳಿತು. ಮಣ್ಣು ಸರಿಸಿ ನೋಡಿದರೆ ಒಂದು ಪುಟ್ಟ ಮಡಕೆಯ ಮುರಿದ ಬಾಯಿ, ಅದರೊಳಗೆ ರೋಮನ್ ಅರಸನೊಬ್ಬನ ಮುಖವಿದ್ದ ಚಿನ್ನದ ನಾಣ್ಯಗಳು. ನಿಯಮದಂತೆ ಅವಳು ಕೈಯಿಕ್ಕಲಿಲ್ಲ. ಮಣ್ಣು ಮುಚ್ಚಿ, ಹೊಲದ ಒಡೆಯನಿಗೆ ಹೇಳಲು ಹೋದಳು. ಹಳೇ ಲಾರ್ಟರ್ ಆ ವಸಂತದಲ್ಲೇ ತೀರಿಕೊಂಡಿದ್ದ. ಬಾಗಿಲು ತೆಗೆದವನು ಮಗ.

"ನೀವೇ ಬಂದಿದ್ದು ಒಳ್ಳೇದಾಯ್ತು," ಎಂದ ರೂಪರ್ಟ್, ಅವಳು ಬಾಯಿ ತೆರೆಯುವ ಮೊದಲೇ. "ಹೊಲನ ಲೋಹ ಹುಡುಕೋ ಕ್ಲಬ್ಬಿನೋರಿಗೆ ಕೊಡ್ತಿದೀನಿ. ಇವತ್ತಿಂದ ಬರೋದು ಬೇಡ."

"ನಿಮ್ಮಪ್ಪ ಕೈ ಕುಲುಕಿ ಒಪ್ಪಿದ್ರು."

"ಕೈ ಕುಲುಕಿದ್ದಕ್ಕೆ ರಸೀದಿ ಇದೆಯಾ? ಇಷ್ಟು ವರ್ಷ ಅಲ್ಲಿ ಏನ್ ಸಿಕ್ತು ಹೇಳಿ, ಮೊಳೆ ಬಿಟ್ಟು? ಮನೇಲಿ ಬೆಚ್ಚಗೆ ಕೂತು ಸ್ವೆಟರ್ ಹೆಣೀರಿ."

ಬೆರಿಲ್ ತೆರೆದಿದ್ದ ಬಾಯಿ ಮುಚ್ಚಿದಳು. ಅಪರಾಧ ಶುರುವಾದದ್ದು ಅಲ್ಲಿಂದ. ಆದರೆ ಅವಳ ಲೆಕ್ಕದಲ್ಲಿ ಅದು ಅಪರಾಧವೇ ಅಲ್ಲ. ಈಗ ಹೇಳಿದರೆ ಏನಾದೀತು? ಅಪ್ಪಣೆ ಮುಗಿದ ಮೇಲೆ ಅಗೆದಳು ಎನ್ನುತ್ತಾನೆ; ಇವಳ ಕೈಯಲ್ಲಿ ಕಾಗದವಿಲ್ಲ. ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ, ನಾಣ್ಯಗಳ ಕೆಳಗೆ, ಹುಡುಕಿದವರು ಎಂಬ ಜಾಗದಲ್ಲಿ ಬೇರೊಬ್ಬರ ಹೆಸರು ಕೂರುತ್ತದೆ. ಹನ್ನೆರಡು ಚಳಿಗಾಲ ಆ ಕೆಸರಿನಲ್ಲಿ ಬೆನ್ನು ಬಗ್ಗಿಸಿದವಳು ತಾನು. ಆ ಹೆಸರು ತನ್ನದು. ಅದಕ್ಕೆ ಯಾವ ರೂಪರ್ಟನ ದಯೆಯೂ ಬೇಕಿಲ್ಲ.

ಮಡಕೆ ಸಿಕ್ಕ ಜಾಗವನ್ನೇ ಬದಲಾಯಿಸಿದರೆ ಸಾಕಿತ್ತು.

ಬೇಲಿಯಾಚೆ, ಅದೇ ಇಳಿಜಾರಿನ ಕೆಳಗೆ, ಅವಳ ಅಕ್ಕನ ಗಂಡ ವಿಲ್ಫನ ಹುಲ್ಲುಗಾವಲು. ಅಲ್ಲಿ ಹುಡುಕಲು ಅವಳಿಗೆ ಲಿಖಿತ ಅಪ್ಪಣೆಯೇ ಇತ್ತು. ಕುರಿಗಳ ಹೊರತು ಅಲ್ಲಿ ಯಾರೂ ಬಾಳಿದ್ದಿಲ್ಲ. ಬೆರಿಲ್ ನಿವೃತ್ತಿಯಾಗುವವರೆಗೆ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಬೀಟ್‌ಗೆಡ್ಡೆಗೆ ಅಂಟಿದ ಮಣ್ಣನ್ನು ಪರೀಕ್ಷಿಸುತ್ತಿದ್ದವಳು. ಮಣ್ಣು ಎಲ್ಲಿಯದೆಂದು ಮೂಸಿಯೇ ಹೇಳಬಲ್ಲಳು. ಆದರೂ ಮೂಗನ್ನು ನಂಬಲಿಲ್ಲ. ಎರಡೂ ಕಡೆಯ ಮಣ್ಣನ್ನು ಅಡುಗೆಮನೆಯಲ್ಲಿ ಒಣಗಿಸಿದಳು, ಜರಡಿ ಹಿಡಿದಳು, ಆಮ್ಲ ಹಾಕಿ ನೊರೆ ನೋಡಿದಳು. ಬಣ್ಣ, ಮರಳು, ಸುಣ್ಣ ಒಂದೇ. ಒಂದೇ ಗುಡ್ಡದ ಮಣ್ಣು.

ಸುಗ್ಗಿಯ ಪ್ರಾರ್ಥನೆಯ ಭಾನುವಾರ ಊರಿಗೆ ಊರೇ ಚರ್ಚಿನಲ್ಲಿತ್ತು, ರೂಪರ್ಟ್ ಮೊದಲ ಸಾಲಿನಲ್ಲಿ. ಬೆರಿಲ್ ಯಂತ್ರ ಒಯ್ಯಲಿಲ್ಲ. ಬೇಲಿಯ ಕಪ್ಪು ಹಣ್ಣು ಕೀಳುವವಳಂತೆ ಬಕೆಟ್ಟು, ಅದರ ತಳದಲ್ಲಿ ಕೈಗುದ್ದಲಿ. ಮಡಕೆಯನ್ನು ಸುತ್ತಲಿಂದ ಬಿಡಿಸಿ, ಬ್ಯಾಂಡೇಜ್ ಬಟ್ಟೆ ಸುತ್ತಿ ಎತ್ತಿದಳು. ಒಳಗಿನ ಮಣ್ಣನ್ನು ಬೇಕೆಂದೇ ಕೆದಕಲಿಲ್ಲ. ನಾಣ್ಯಗಳ ಸುತ್ತ ಗಟ್ಟಿಯಾಗಿ ಕೂತ ಆ ಮಣ್ಣೇ, ಮಡಕೆಗೆ ಇತ್ತೀಚೆಗೆ ಯಾರೂ ಕೈ ಹಾಕಿಲ್ಲವೆಂದು ಅಧಿಕಾರಿಗಳಿಗೆ ಸಾಕ್ಷಿ ಹೇಳಬೇಕಿತ್ತು. ಗುಂಡಿ ಮುಚ್ಚಿ, ಬಕೆಟ್ಟಿನಲ್ಲಿಟ್ಟ ಮಡಕೆ ಕಾಣದಂತೆ ಮೇಲೆ ಹಣ್ಣು ಕಿತ್ತು ತುಂಬಿದಳು. ಮುಂದಿನ ವಾರ ಗೋಧಿಗೆ ಉಳುಮೆ. ರೂಪರ್ಟನ ಟ್ರಾಕ್ಟರೇ ಅವಳ ಗುರುತು ಅಳಿಸುತ್ತದೆ.

ಹಿಂದಿರುಗುವಾಗ ಚರ್ಚಿನ ಗೇಟಿನ ಬಳಿ ಅವನೇ ಎದುರಾದ.

"ಹಣ್ಣು ಚೆನ್ನಾಗಿ ಬಿಟ್ಟಿವೆಯಾ?"

"ನಿಮ್ಮ ಬೇಲಿ ಕಡೆ ಈ ವರ್ಷ ತುಂಬಾ ಚೆನ್ನಾಗಿದೆ," ಎಂದಳು ಬೆರಿಲ್, ಬಕೆಟ್ಟಿನ ಬಾಯನ್ನು ಅವನತ್ತ ವಾಲಿಸಿ. ಅವನು ಎರಡು ಹಣ್ಣು ಬಾಯಿಗೆ ಹಾಕಿಕೊಂಡು ಹೋದ.

ಮನೆಯಲ್ಲಿ ಮಡಕೆಯ ಹೊರಮೈ ತಿಕ್ಕಿ, ಹುಲ್ಲುಗಾವಲಿನ ಮಣ್ಣು ಮೆತ್ತಿದಳು. ಯಂತ್ರವನ್ನು ಅದರ ಮೇಲೆ ಆಡಿಸಿದಳು. ಚಿನ್ನದ ದನಿ, ಅದೊಂದೇ. ಸಂಜೆ ವಿಲ್ಫ್ ದಂಪತಿ ಊಟಕ್ಕೆ ಹೋಗಿದ್ದಾಗ ಮೊಣಕೈಯಾಳಕ್ಕೆ ಹೂತು, ಹುಲ್ಲಿನ ಹೆಂಟೆಯನ್ನು ಮೇಲೆ ಕೂರಿಸಿದಳು. ಚಳಿಗಾಲ ಕಳೆದರೆ ಬೇರುಗಳು ಹೆಣೆದುಕೊಂಡು ಉಳಿದ ಕೆಲಸ ಮುಗಿಸುತ್ತವೆ.

ಚಳಿಗಾಲದಲ್ಲಿ ಅವಳು ನೆನೆಸದ ಒಂದೇ ಒಂದು ಸಂಗತಿ ನಡೆಯಿತು. ವಿಲ್ಫ್ ಹಳೇ ಸಾಮಾನಿನ ಸಂತೆಯಿಂದ ತಾನೂ ಒಂದು ಯಂತ್ರ ತಂದ.

"ಏನ್ ಹುಡುಗಿ, ನಿನಗೊಬ್ಬಳಿಗೇನಾ ನಿಧಿ?" ಎಂದ. ಅರವತ್ತು ದಾಟಿದ ನಾದಿನಿ ಅವನಿಗೆ ಇನ್ನೂ ಹುಡುಗಿಯೇ.

ಬೆರಿಲ್ ಅದನ್ನು ತಿರುಗಿಸಿ ನೋಡಿದಳು. "ಇದಕ್ಕೆ ಕಬ್ಬಿಣ ಯಾವುದು ಚಿನ್ನ ಯಾವುದು ಅಂತಾನೇ ಗೊತ್ತಾಗಲ್ಲ ವಿಲ್ಫ್. ಎಲ್ಲಕ್ಕೂ ಒಂದೇ ಕೂಗು. ನಾಲ್ಕು ಬೆರಳಿಗಿಂತ ಆಳ ಕೇಳಿಸೋದೂ ಇಲ್ಲ."

"ನನಗೂ ಅಷ್ಟೇ ಅಂತಾಳೆ ನಿಮ್ಮಕ್ಕ."

ಅವನು ತಿಂಗಳುಗಟ್ಟಲೆ ಹುಲ್ಲುಗಾವಲನ್ನು ಗುಡಿಸಿದ. ಹಳೇ ಕೋಟಿನ ಒಂದು ಗುಂಡಿಯೂ ಸಿಗಲಿಲ್ಲ, ಒಂದು ಮೊಳೆಯೂ ಸಿಗಲಿಲ್ಲ. ಬೆರಿಲ್ ಅಡುಗೆಮನೆಯ ಕಿಟಕಿಯಿಂದ ನೋಡಿ ಟೀ ಕುಡಿದಳು. ಅವಳಿಗೆ ಒಮ್ಮೆಯೂ ನಿದ್ದೆ ಕೆಡಲಿಲ್ಲ.

ಏಪ್ರಿಲ್‌ನಲ್ಲಿ ವಿಲ್ಫನನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ಅವಳು ಮಡಕೆಯನ್ನು "ಕಂಡಳು". ಬಾಯಿ ಕಾಣುತ್ತಲೇ ಕೈ ತೆಗೆದು ಜಿಲ್ಲೆಯ ಪುರಾತತ್ವ ಅಧಿಕಾರಿಗೆ ಫೋನ್ ಮಾಡಿದಳು. ಮರುದಿನ ಬಂದ ಇಮೊಜೆನ್ ಆಲ್ಡಸ್ ಮಂಡಿಯೂರಿ, ಬೇರುಗಳನ್ನು ನೋಡಿ, ಮಡಕೆಯೊಳಗೆ ಬಿಗಿಯಾಗಿ ಕೂತ ಮಣ್ಣನ್ನು ನೋಡಿ ಹೇಳಿದಳು: "ಎಲ್ಲರೂ ನಿಮ್ಮ ಥರ ಅಲ್ಲೇ ನಿಲ್ಲಿಸಿದ್ರೆ ನಮ್ಮ ಕೆಲಸ ಎಷ್ಟು ಸುಲಭ ಆಗ್ತಿತ್ತು. ಪೆಟ್ಟಿಗೆ ಮೇಲೆ ನಿಮ್ಮ ಹೆಸರು ಪೂರ್ತಿ ಬರೆಸ್ತೀನಿ."

"ಬೆರಿಲ್ ಗಾಟ್ಸ್," ಎಂದಳು ಬೆರಿಲ್. "ಸ್ಪೆಲಿಂಗ್‌ನಲ್ಲಿ ಎರಡು ಟಿ."

ಬೇಲಿಯಾಚೆ ರೂಪರ್ಟ್ ಟ್ರಾಕ್ಟರ್ ನಿಲ್ಲಿಸಿ ಕತ್ತು ಉದ್ದ ಮಾಡಿ ನೋಡುತ್ತಿದ್ದ. ಬೆರಿಲ್ ಅವನಿಗೆ ಕೈ ಬೀಸಿದಳು. ಸ್ವೆಟರ್ ಹೆಣೆಯುವ ಕೈ.

ರಾತ್ರಿಯಿಡೀ ಚಿನ್ನವನ್ನು ಹುಲ್ಲುಗಾವಲಿನಲ್ಲಿ ಬಿಡುವಂತಿಲ್ಲವೆಂದು ಇಮೊಜೆನ್ ನಾಣ್ಯಗಳನ್ನು ಒಂದೊಂದಾಗಿ ಬಿಡಿಸಿ, ಒಳಗಿನ ಮಣ್ಣನ್ನು ಪ್ಲಾಸ್ಟಿಕ್ ತಟ್ಟೆಯೊಂದಕ್ಕೆ ಸುರಿದಳು. "ಯಾವುದಾದ್ರೂ ಉಳಿದಿದೆಯಾ ನೋಡಿ."

ಬೆರಿಲ್ ತನ್ನ ಯಂತ್ರವನ್ನು ತಟ್ಟೆಯ ಮೇಲೆ ನಿಧಾನವಾಗಿ ಆಡಿಸಿದಳು. ಮೌನ. "ಖಾಲಿ."

"ನಂದೂ ಒಂದ್ಸಲ ನೋಡ್ಲಿ, ಪಾಪ," ಎಂದು ವಿಲ್ಫ್ ತನ್ನದನ್ನು ಚಾಚಿದ. ಅದು ಹಸುವಿನಂತೆ ಕೂಗಿತು.

"ಅದು ಎಲ್ಲದಕ್ಕೂ ಕೂಗುತ್ತೆ," ಎಂದಳು ಬೆರಿಲ್.

"ಎಲ್ಲದಕ್ಕೂ ಎಲ್ಲಿ ಹುಡುಗಿ? ಇಡೀ ಚಳಿಗಾಲ ಈ ಹುಲ್ಲಲ್ಲಿ ತುಟಿ ಬಿಚ್ಚಿರಲಿಲ್ಲ."

ಇಮೊಜೆನ್ ಬೆರಳಿನಿಂದ ಮಣ್ಣು ಪುಡಿ ಮಾಡಿದಳು. ಅಂಗೈ ಮೇಲೆ ಉಳಿದದ್ದು ತುಕ್ಕು ಹಿಡಿದ ಮೂರು ಲಾಳದ ಮೊಳೆಗಳು. ಮೋಟಾರು ಬರುವ ಮುಂಚಿನ ಕಾಲದವು, ರೋಮನ್ ಮಡಕೆಯ ಹೊಟ್ಟೆಯಲ್ಲಿ. ಬೆರಿಲ್‌ಳ ಬೆರಳು ತನ್ನ ಯಂತ್ರದ ಗುಂಡಿಯ ಮೇಲೆಯೇ ಇತ್ತು. ಕಬ್ಬಿಣ ಕೇಳಿಸಬಾರದೆಂದು ಹನ್ನೆರಡು ವರ್ಷದ ಹಿಂದೆ ತಾನೇ ತಿರುಗಿಸಿಟ್ಟ ಗುಂಡಿ. ಈ ಹುಲ್ಲಿಗೆ ಬಂದ ಮೇಲೂ ಅದನ್ನು ಹಿಂದಕ್ಕೆ ತಿರುಗಿಸಿರಲಿಲ್ಲ. ಅವಳು ತಲೆ ತಗ್ಗಿಸಲಿಲ್ಲ. ಇಮೊಜೆನ್ ಮೊಳೆಗಳಿಂದ ಕಣ್ಣೆತ್ತಿ ಮೆಲ್ಲನೆ ಕೇಳಿದಳು, "ಈ ಕಡೆ ಎಲ್ಲಾದ್ರೂ ಕುಲುಮೆ ಇತ್ತಾ?" ಇಂಥ ಪ್ರಶ್ನೆಗೆ ಉತ್ತರ ಗೊತ್ತಿರುವ ಖುಷಿಯಲ್ಲಿ ವಿಲ್ಫ್ ಬೇಲಿಯಾಚೆ ಕೈ ತೋರಿಸಿದ: "ಅಗೋ, ಆ ಲಾರ್ಟರ್ ನಿಂತಿದಾನಲ್ಲ, ಅಲ್ಲೇ. ನಮ್ ಬೆರಿಲ್‌ನ ಕೇಳಿ, ಆ ಹೊಲದ ಒಂದೊಂದು ಮೊಳೆನೂ ಅವಳಿಗೆ ಗೊತ್ತು."